ಹ್ರಿಸ್ತೊ ಪ್ರೊದಾನೊವ್: ಸಂಜೆ ಆರೂಕಾಲಕ್ಕೆ ಎವರೆಸ್ಟ್ ತುದಿಯಲ್ಲಿ

ಓದುಗರ ಪ್ರಶ್ನೆ: ಎವರೆಸ್ಟ್ ಏರಿದ ಮೊದಲ ಬಲ್ಗೇರಿಯನ್ ಹ್ರಿಸ್ತೊ ಪ್ರೊದಾನೊವ್ ಅವರ ಬಗ್ಗೆ ಎಲ್ಲೋ ನಾಲ್ಕು ಸಾಲು ಓದಿದೆ. ಒಬ್ಬರೇ ಹೋದರು, ಆಮ್ಲಜನಕದ ಸಿಲಿಂಡರ್ ಒಯ್ಯಲಿಲ್ಲ, ಕತ್ತಲಾಗುವ ಹೊತ್ತಿಗೆ ತುದಿ ಮುಟ್ಟಿ ಇಳಿಯುವಾಗ ತೀರಿಕೊಂಡರು ಎಂದಿತ್ತು. ಅವರು ಯಾರು? ಇಷ್ಟು ತಡವಾದ ಮೇಲೂ ಯಾಕೆ ಹಿಂದಿರುಗಲಿಲ್ಲ? ಜೀವಂತವಾಗಿ ಮರಳದ ಆರೋಹಣವನ್ನು ಯಶಸ್ಸು ಎನ್ನಬಹುದೇ, ಹುಚ್ಚು ಸಾಹಸ ಎನ್ನಬೇಕೇ? ಅವರು ನಿಜವಾಗಿಯೂ ತುದಿ ಮುಟ್ಟಿದರು ಎನ್ನುವುದಕ್ಕೆ ಆಧಾರವೇನು?

ಉತ್ತರ:

ನೀವು ಓದಿದ ನಾಲ್ಕು ಸಾಲುಗಳಲ್ಲಿ ತಪ್ಪೇನಿಲ್ಲ. ಆದರೆ ಅವರ ಸಾವನ್ನು ಅರ್ಥಮಾಡಿಕೊಳ್ಳಲು ಬೇಕಾದ ಎರಡು ಸಂಗತಿಗಳು ಅದರಲ್ಲಿಲ್ಲ. ಒಂದು, ಅವರು ಹತ್ತಿದ ದಾರಿ ಯಾವುದು. ಇನ್ನೊಂದು, ಅಂದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಯಾರಿದ್ದರು, ಯಾರಿರಲಿಲ್ಲ. ಒಬ್ಬಂಟಿತನ, ಆಮ್ಲಜನಕವಿಲ್ಲದಿರುವುದು, ಕತ್ತಲು ಎಂಬ ಮೂರನ್ನಷ್ಟೇ ಹಿಡಿದುಕೊಂಡರೆ ಕಥೆ ಒಂದೋ ವೀರಗಾಥೆಯಾಗುತ್ತದೆ, ಇಲ್ಲವೇ ಬುದ್ಧಿವಾದದ ಪಾಠವಾಗುತ್ತದೆ. ಎರಡರಲ್ಲೂ ನನಗೆ ಆಸಕ್ತಿಯಿಲ್ಲ.

ಮೊದಲು ಮನುಷ್ಯನ ಪರಿಚಯ. ಹ್ರಿಸ್ತೊ ಪ್ರೊದಾನೊವ್ ಹುಟ್ಟಿದ್ದು 1943ರ ಫೆಬ್ರವರಿ 24ರಂದು, ಬಲ್ಗೇರಿಯಾದ ನಡುಭಾಗದಲ್ಲಿರುವ ಕಾರ್ಲೊವೊ ಎಂಬ ಊರಿನಲ್ಲಿ. ಬಲ್ಗೇರಿಯನ್ನರಿಗೆ ಆ ಊರು ಮೊದಲಿನಿಂದಲೂ ಪೂಜ್ಯ. ತುರ್ಕಿ ಆಳ್ವಿಕೆಯ ವಿರುದ್ಧ ಹೋರಾಡಿ ಗಲ್ಲಿಗೇರಿದ ವಾಸಿಲ್ ಲೆವ್‌ಸ್ಕಿ ಹುಟ್ಟಿದ್ದೂ ಅಲ್ಲಿಯೇ. ಊರಿನ ಬೆನ್ನಿಗೇ ಸ್ತಾರಾ ಪ್ಲಾನಿನಾ ಎಂಬ ಪರ್ವತಸಾಲು ನಿಂತಿದೆ. ಬಾಲ್ಕನ್ ಪರ್ಯಾಯದ್ವೀಪಕ್ಕೆ ಹೆಸರು ಕೊಟ್ಟ ಸಾಲು ಇದು. ಅದರ ಅತಿ ಎತ್ತರದ ಶಿಖರ ಬೊತೆವ್, 2,376 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 450 ಮೀಟರ್ ಹೆಚ್ಚು, ಅಷ್ಟೇ. ಇಡೀ ದೇಶದಲ್ಲಿ ಅತಿ ಎತ್ತರದ್ದೆಂದರೆ ರಿಲಾ ಪರ್ವತಗಳ ಮುಸಲಾ, ಅದೂ 2,925 ಮೀಟರ್.

ಮೂರು ಸಾವಿರ ಮೀಟರನ್ನೂ ಮುಟ್ಟದ ದೇಶದಿಂದ ಎಂಟು ಸಾವಿರ ಮೀಟರಿನವರು ಹೇಗೆ ಬಂದರು ಎಂದು ನೀವು ಕೇಳಬಹುದು. ಎತ್ತರ ಕಡಿಮೆ ಎಂದ ಮಾತ್ರಕ್ಕೆ ಬೆಟ್ಟ ಸುಲಭ ಎಂದಲ್ಲ. ರಿಲಾದ ಮಾಲ್ಯೋವಿತ್ಸಾ, ಪಿರಿನ್ ಸಾಲಿನ ವಿಹ್ರೆನ್, ಇವೆರಡರ ಉತ್ತರ ಮುಖಗಳು ಕಡಿದಾದ ಬಂಡೆಗೋಡೆಗಳು. ವ್ರಾತ್ಸಾ ಪಟ್ಟಣದ ಪಕ್ಕದ ಸುಣ್ಣಕಲ್ಲಿನ ಗೋಡೆಗಳಲ್ಲಿ ಬಲ್ಗೇರಿಯಾದ ತಲೆಮಾರುಗಳೇ ಹಗ್ಗ ಹಿಡಿಯಲು ಕಲಿತಿವೆ. ಚಳಿಗಾಲದಲ್ಲಿ ಆ ಗೋಡೆಗಳ ಮೇಲೆ ಹಿಮ ಕೂತಾಗ ಹತ್ತುವವರಿಗೆ ಸಿಗುವ ಕಲಿಕೆಯೇ ಬೇರೆ. ಬಂಡೆ ಮತ್ತು ಹಿಮ ಬೆರೆತ ನೆಲದಲ್ಲಿ ಕೈ ಬೆರಳು ಮರಗಟ್ಟಿದಾಗಲೂ ಗಂಟು ಹಾಕುವುದು ಅಲ್ಲಿ ರೂಢಿಯಾಗುತ್ತದೆ. ಎತ್ತರಕ್ಕೆ ದೇಹವನ್ನು ಒಗ್ಗಿಸುವ ಕೆಲಸವನ್ನು ಆ ದೇಶದವರು ಕಾಕಸಸ್‌ನಲ್ಲಿಯೂ ಸೋವಿಯತ್ ಪಾಮಿರ್‌ನ ಏಳು ಸಾವಿರ ಮೀಟರಿನ ಶಿಖರಗಳಲ್ಲಿಯೂ ಮಾಡಿಕೊಳ್ಳುತ್ತಿದ್ದರು. ಸಮಾಜವಾದಿ ಬಣದ ದೇಶವೊಂದರ ಪರ್ವತಾರೋಹಿಗೆ ಆಗ ಪಾಮಿರ್ ತಲುಪುವುದು ಹಿಮಾಲಯ ತಲುಪುವುದಕ್ಕಿಂತ ಬಹಳ ಸುಲಭವಾಗಿತ್ತು. ಪ್ರೊದಾನೊವ್ ಬೆಳೆದದ್ದು ಈ ಗರಡಿಯಲ್ಲಿ.

ಅವರ ಹೆಸರು ದೇಶದಾಚೆಗೆ ಕೇಳಿಬಂದದ್ದು 1981ರಲ್ಲಿ. ಆ ವರ್ಷ ಏಪ್ರಿಲ್ 30ರಂದು ಅವರು ಲೋತ್ಸೆ ಶಿಖರವನ್ನು ಏರಿದರು. ಎತ್ತರ 8,516 ಮೀಟರ್, ಜಗತ್ತಿನಲ್ಲಿ ನಾಲ್ಕನೆಯದು. ಬಲ್ಗೇರಿಯನ್ ಒಬ್ಬರು ಎಂಟು ಸಾವಿರ ಮೀಟರಿನ ಶಿಖರವೊಂದರ ಮೇಲೆ ನಿಂತದ್ದು ಅದೇ ಮೊದಲು, ಅದೂ ಸಿಲಿಂಡರ್ ಆಮ್ಲಜನಕ ಬಳಸದೆ. ಲೋತ್ಸೆಯ ರೂಢಿಯ ದಾರಿ ಎವರೆಸ್ಟಿನ ರೂಢಿಯ ದಾರಿಯ ಜೊತೆಗೇ ಬಹುದೂರ ಸಾಗುತ್ತದೆ. ಹಿಮನದಿ ಒಡೆದು ಕಡಿದಾಗಿ ಇಳಿಯುವ ಖುಂಬು ಐಸ್‌ಫಾಲ್, ವೆಸ್ಟರ್ನ್ ಕೂಮ್ ಕಣಿವೆ, ಲೋತ್ಸೆಯ ಹಿಮಗೋಡೆ ಎಲ್ಲವೂ ಎರಡಕ್ಕೂ ಒಂದೇ. ಅಂದರೆ 1984ರಲ್ಲಿ ಎವರೆಸ್ಟಿಗೆ ಬರುವ ಹೊತ್ತಿಗೆ ಪ್ರೊದಾನೊವ್‌ಗೆ ಬೆಟ್ಟದ ಆ ಮಗ್ಗುಲು ಹೊಸದಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ದಾರಿಯ ವಿಷಯ. 1984ರ ಬಲ್ಗೇರಿಯನ್ ತಂಡದ ನಾಯಕರು ಅವ್ರಾಮ್ ಅವ್ರಾಮೊವ್. ಮೊದಲ ಬಾರಿಗೆ ಎವರೆಸ್ಟಿಗೆ ಹೊರಟ ದೇಶವೊಂದು ಸಾಮಾನ್ಯವಾಗಿ ಸೌತ್ ಕೋಲ್, ಅಂದರೆ ಎವರೆಸ್ಟ್ ಮತ್ತು ಲೋತ್ಸೆಯ ನಡುವಿನ ತಗ್ಗಿನ ದಾರಿಯನ್ನೇ ಹಿಡಿಯುತ್ತದೆ. ತೇನ್ಸಿಂಗ್ ಮತ್ತು ಹಿಲರಿ 1953ರಲ್ಲಿ ಹತ್ತಿದ ಆ ದಾರಿ ಎಲ್ಲರಿಗೂ ಗೊತ್ತು. ಬಲ್ಗೇರಿಯನ್ನರು ಆರಿಸಿಕೊಂಡದ್ದು ಪಶ್ಚಿಮ ರಿಡ್ಜನ್ನು, ಅಂದರೆ ಪಶ್ಚಿಮದಿಂದ ಶಿಖರದತ್ತ ಏರುವ ಉದ್ದನೆಯ ಬೆನ್ನೇಣನ್ನು. ಬಲ್ಗೇರಿಯಾದಲ್ಲಿ ಇಂದಿಗೂ ಅದನ್ನು ಕ್ರೂರ ದಾರಿ ಎಂದೇ ಕರೆಯುತ್ತಾರೆ.

ಆ ರಿಡ್ಜಿನ ಇತಿಹಾಸ ಚಿಕ್ಕದು, ಆದರೆ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. 1963ರ ಮೇ 22ರಂದು ಅಮೆರಿಕದ ಟಾಮ್ ಹಾರ್ನ್‌ಬೈನ್ ಮತ್ತು ವಿಲ್ಲಿ ಅನ್‌ಸೋಲ್ಡ್ ಪಶ್ಚಿಮದಿಂದ ಮೊದಲ ಬಾರಿಗೆ ತುದಿ ತಲುಪಿದರು. ಆದರೆ ಅವರು ಏಣಿನ ಮೇಲೆಯೇ ಕೊನೆಯವರೆಗೂ ಹೋಗಲಿಲ್ಲ. ಉತ್ತರ ಮುಖದೊಳಕ್ಕೆ ಹೊರಳಿ, ಈಗ ಹಾರ್ನ್‌ಬೈನ್ ಅವರ ಹೆಸರನ್ನೇ ಹೊತ್ತಿರುವ ಹಿಮದ ಕೊರಕಲಿನಲ್ಲಿ ಏರಿದರು. ಏಣನ್ನೇ ಹಿಡಿದು ಹೋದ ಕೀರ್ತಿ 1979ರ ಯುಗೊಸ್ಲಾವ್ ತಂಡದ್ದು. ಸಮುದ್ರಮಟ್ಟದಿಂದ ಆರು ಸಾವಿರ ಮೀಟರಿನಷ್ಟಿರುವ ಲ್ಹೋ ಲಾ ಕಣಿವೆಯ ಬಾಯಿಗೆ ಸಾಮಾನು ಎಳೆಯಲು ಅವರು ಕೈಯಿಂದ ತಿರುಗಿಸುವ ವಿಂಚ್ ಕಟ್ಟಿಕೊಂಡಿದ್ದರು. ಬೇಸ್ ಕ್ಯಾಂಪಿನಿಂದ ಮೇಲೆ ಹೋಗುವ ಮೊದಲ ಮೆಟ್ಟಿಲೇ ಅಂಥದ್ದು. ಅಲ್ಲಿಂದ ಪಶ್ಚಿಮ ಭುಜದವರೆಗೆ ಗಾಳಿಗೆ ಮೈಯೊಡ್ಡಿಕೊಂಡು ನಡೆಯಬೇಕು. ಎಂಟು ಸಾವಿರ ಮೀಟರ್ ದಾಟಿದ ಮೇಲೆ, ಬೇರೆ ದಾರಿಗಳಲ್ಲಿ ಹಿಮದ ಇಳಿಜಾರು ಸಿಗುವ ಎತ್ತರದಲ್ಲಿ, ಇಲ್ಲಿ ಬಂಡೆಯ ಮೆಟ್ಟಿಲುಗಳು ಒಂದಾದ ಮೇಲೊಂದು ಎದುರಾಗುತ್ತವೆ. ಕೈ ಬಳಸಿ ಹತ್ತಬೇಕಾದ ನಿಜವಾದ ಬಂಡೆ ಅದು. ಪದರಗಳು ಉತ್ತರದ ಕಡೆಗೆ ಹಂಚಿನ ಮಾಡಿನಂತೆ ಓರೆಯಾಗಿ ಇಳಿದಿರುವುದರಿಂದ ಕಾಲು ಊರಲು ಅಂಚು ಸಿಗುವುದು ಕಷ್ಟ.

ಯುಗೊಸ್ಲಾವ್ ತಂಡದ ನೇಯ್ಟ್ಸ್ ಝಾಪ್ಲೊಟ್ನಿಕ್ ಮತ್ತು ಆಂದ್ರೆಯ್ ಶ್ಟ್ರೆಮ್‌ಫೆಲ್ 1979ರ ಮೇ 13ರಂದು ತುದಿ ಮುಟ್ಟಿದರು. ಅವರು ಇಳಿದದ್ದು ಹತ್ತಿದ ದಾರಿಯಲ್ಲಿ ಅಲ್ಲ, ಹಾರ್ನ್‌ಬೈನ್ ಕೊರಕಲಿನಲ್ಲಿ. ಎರಡು ದಿನಗಳ ನಂತರ ಹತ್ತಿದ ಎರಡನೆಯ ತಂಡವೂ ಆ ಕಡೆಗೇ ಇಳಿಯಿತು. ಅದರಲ್ಲಿದ್ದ ಶೆರ್ಪಾ ಆಂಗ್ ಫು ಇಳಿಯುವಾಗ ಜಾರಿ ಪ್ರಾಣ ಕಳೆದುಕೊಂಡರು. ಇದರಲ್ಲಿ ಗಮನಿಸಬೇಕಾದದ್ದು ಒಂದೇ: ಮೊದಲು ಹತ್ತಿದವರಿಗೂ ಆ ಏಣಿನ ಮೇಲಿಂದಲೇ ಇಳಿಯುವ ಮನಸ್ಸಾಗಲಿಲ್ಲ. ಬಂಡೆ ಹತ್ತುವಾಗ ಕಣ್ಣು ಮುಂದಿನ ಹಿಡಿತವನ್ನು ನೋಡುತ್ತದೆ. ಇಳಿಯುವಾಗ ಕಾಲಿನ ಕೆಳಗೆ ಏನಿದೆ ಎಂಬುದು ಕಾಣುವುದಿಲ್ಲ. ಹಗಲಿನಲ್ಲೇ ಹೀಗೆ.

ಇನ್ನು ಆ ದಿನ. 1984ರ ಏಪ್ರಿಲ್ 20. ಕೊನೆಯ ಕ್ಯಾಂಪು ಐದನೆಯದು, ಸುಮಾರು 8,120 ಮೀಟರಿನಲ್ಲಿತ್ತು. ಅಲ್ಲಿಯವರೆಗೆ ಜೊತೆಯಲ್ಲಿದ್ದ ಶೆರ್ಪಾ ಮುಂದೆ ಬರಲಿಲ್ಲ. ನಲವತ್ತೊಂದು ವರ್ಷದ ಪ್ರೊದಾನೊವ್ ಒಬ್ಬರೇ, ಸಿಲಿಂಡರ್ ಇಲ್ಲದೆ, ತುದಿಯತ್ತ ಸಾಗಿದರು. ‘ಒಬ್ಬಂಟಿ’ ಎನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ರೈನ್‌ಹೋಲ್ಡ್ ಮೆಸ್ನರ್ 1980ರ ಆಗಸ್ಟಿನಲ್ಲಿ ಟಿಬೆಟ್ ಕಡೆಯಿಂದ ಒಬ್ಬರೇ ಹೋದಾಗ ಬೆಟ್ಟದ ಮೇಲೆ ಅವರ ಬೆನ್ನಿಗೆ ಕ್ಯಾಂಪುಗಳ ಸರಣಿ ಇರಲಿಲ್ಲ, ಹಗ್ಗ ಕಟ್ಟಿಕೊಟ್ಟವರಿರಲಿಲ್ಲ. ಪ್ರೊದಾನೊವ್ ಅವರ ಹಿಂದೆ ಇಡೀ ತಂಡದ ವಾರಗಟ್ಟಲೆ ದುಡಿಮೆಯಿತ್ತು. ಒಬ್ಬಂಟಿಯಾದದ್ದು ಕೊನೆಯ ಏಳುನೂರು ಮೀಟರಿನಲ್ಲಿ. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ. ಆದರೆ ಅವರನ್ನು ಹೊಗಳುವ ಬರಹಗಳು ಲ್ಹೋ ಲಾದಿಂದ ಹೊರೆ ಹೊತ್ತವರನ್ನು ಮರೆಯುವುದು ನನಗೆ ಸರಿ ಕಾಣುವುದಿಲ್ಲ.

ಸಂಜೆ 6 ಗಂಟೆ 15 ನಿಮಿಷಕ್ಕೆ ಅವರು ತುದಿಯಿಂದ ವೈರ್‌ಲೆಸ್‌ನಲ್ಲಿ ಮಾತನಾಡಿದರು. ಸ್ವಲ್ಪ ಹೊತ್ತು ಅಲ್ಲಿದ್ದು ಇಳಿಯಲು ಶುರುಮಾಡಿದರು, ಬಂದ ದಾರಿಯಲ್ಲೇ. ಅಷ್ಟರಲ್ಲಿ ಸೂರ್ಯ ಮುಳುಗುವ ಹೊತ್ತು. ಹುಣ್ಣಿಮೆ ಕಳೆದು ಐದು ದಿನವಾಗಿತ್ತು, ಆದ್ದರಿಂದ ಚಂದ್ರ ಮೂಡುವುದು ರಾತ್ರಿ ಹನ್ನೊಂದರ ಸುಮಾರಿಗೆ. ನಡುವಿನ ಆ ನಾಲ್ಕೈದು ಗಂಟೆ ಪೂರ್ತಿ ಕತ್ತಲು. ಡೇರೆಯಿಲ್ಲದೆ, ಮಲಗುವ ಚೀಲವಿಲ್ಲದೆ ಅವರು ಆ ರಾತ್ರಿಯನ್ನು ಏಣಿನ ಮೇಲೆಯೇ ಕಳೆದರು. ಕೈಗವಸು ಕಳೆದುಕೊಂಡಿದ್ದರು. ಮರುದಿನವೂ ವೈರ್‌ಲೆಸ್‌ನಲ್ಲಿ ಅವರ ದನಿ ಕೇಳಿಸಿತು, ಆಮೇಲೆ ನಿಂತುಹೋಯಿತು. ತಂಡದ ಲ್ಯುದ್ಮಿಲ್ ಯಾಂಕೊವ್ ಅವರನ್ನು ಹುಡುಕುತ್ತ ಒಬ್ಬರೇ ಎಂಟು ಸಾವಿರ ಮೀಟರಿನ ಮೇಲಕ್ಕೆ ಹೋದರು. ಸಿಗಲಿಲ್ಲ. ದೇಹವೂ ಸಿಗಲಿಲ್ಲ.

ಯಾಂಕೊವ್ ಮಾಡಿದ್ದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪ್ರೊದಾನೊವ್ ಹೋದದ್ದು ತುದಿಗಾಗಿ, ತಮ್ಮ ಕನಸಿಗಾಗಿ. ಯಾಂಕೊವ್ ಅದೇ ಏಣಿನ ಮೇಲೆ ಒಬ್ಬರೇ ಹೋದದ್ದು ಇನ್ನೊಬ್ಬನಿಗಾಗಿ, ತುದಿಯ ಆಸೆ ಇಲ್ಲದೆ, ಮೇಲೆ ಏನು ನಡೆದಿದೆ ಎಂದು ಬಲ್ಲವರಾಗಿ. ಕೇಳಿದರೆ ನಾನು ಆ ವಾರದ ಅತಿ ದೊಡ್ಡ ಆರೋಹಣ ಎಂದು ಇದನ್ನು ಹೇಳುತ್ತೇನೆ.

ಯಾಕೆ ಹಿಂದಿರುಗಲಿಲ್ಲ ಎಂಬುದು ನಿಮ್ಮ ಪ್ರಶ್ನೆ. ಅವರ ತಲೆಯಲ್ಲಿ ಏನು ಓಡುತ್ತಿತ್ತು ಎಂದು ಊಹಿಸುವುದು ನನ್ನ ಕೆಲಸವಲ್ಲ. ಆದರೆ ಆ ಎತ್ತರದಲ್ಲಿ ತಲೆ ಹೇಗೆ ಓಡುತ್ತದೆ ಎಂಬುದನ್ನು ಹೇಳಬಲ್ಲೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಪಾದರಸದ 760 ಮಿಲಿಮೀಟರ್. ಎವರೆಸ್ಟ್ ತುದಿಯಲ್ಲಿ ಮೊದಲ ಬಾರಿಗೆ ನೇರವಾಗಿ ಅಳೆದದ್ದು 1981ರ ಅಕ್ಟೋಬರಿನಲ್ಲಿ, ಅಮೆರಿಕದ ವೈದ್ಯಕೀಯ ಸಂಶೋಧನಾ ತಂಡದ ಕ್ರಿಸ್ಟೊಫರ್ ಪಿಝೊ. ಸಿಕ್ಕಿದ್ದು 253 ಮಿಲಿಮೀಟರ್, ಅಂದರೆ ಮೂರನೆಯ ಒಂದು ಭಾಗ. ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿಯೂ ಅಲ್ಲಿಯೂ ಶೇಕಡ 21ರಷ್ಟೇ. ಆದರೆ ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ ಸಾಲದು. ಈ ಒತ್ತಡ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚು, ನಡುಚಳಿಗಾಲದಲ್ಲಿ ಹತ್ತು ಮಿಲಿಮೀಟರಿನಷ್ಟು ಕಡಿಮೆ. ಹತ್ತು ಎಂದರೆ ನಮಗೆ ಬೆಂಗಳೂರಿನಲ್ಲಿ ಲೆಕ್ಕಕ್ಕಿಲ್ಲ. ಮಾನವ ದೇಹ ತಡೆಯಬಲ್ಲ ಅಂಚಿನಲ್ಲಿ ನಿಂತವನಿಗೆ ಅದು ಒಂದು ಹೆಜ್ಜೆಗೂ ಮುಂದಿನ ಹೆಜ್ಜೆಗೂ ನಡುವಿನ ಉಸಿರುಗಳ ಸಂಖ್ಯೆಯನ್ನೇ ಬದಲಾಯಿಸುತ್ತದೆ.

ಅದಕ್ಕೇ ಏಪ್ರಿಲ್ 20 ಎಂಬ ತಾರೀಕನ್ನು ನಾನು ಎತ್ತಿ ಹೇಳುವುದು. ತೇನ್ಸಿಂಗ್ ಮತ್ತು ಹಿಲರಿ ಹತ್ತಿದ್ದು ಮೇ 29ಕ್ಕೆ. ಮೆಸ್ನರ್ ಮತ್ತು ಪೀಟರ್ ಹಾಬೆಲರ್ 1978ರಲ್ಲಿ ಮೊದಲ ಬಾರಿಗೆ ಸಿಲಿಂಡರ್ ಇಲ್ಲದೆ ಹತ್ತಿದ್ದು ಮೇ 8ಕ್ಕೆ. ಯುಗೊಸ್ಲಾವರು ಮೇ 13 ಮತ್ತು 15ಕ್ಕೆ. ಮುಂಗಾರು ಬರುವ ಮುಂಚೆ, ಮೇ ತಿಂಗಳಿನಲ್ಲಿ, ಮೇಲ್ಪದರದ ವೇಗದ ಗಾಳಿ ಹಿಮಾಲಯದಿಂದ ಉತ್ತರಕ್ಕೆ ಸರಿಯುತ್ತದೆ. ಆಗ ಶಿಖರದ ಮೇಲೆ ಕೆಲವು ದಿನ ಗಾಳಿ ತಗ್ಗುತ್ತದೆ. ಏಪ್ರಿಲ್ ಮೂರನೆಯ ವಾರವೆಂದರೆ ಹೆಚ್ಚು ಚಳಿ, ಹೆಚ್ಚು ಗಾಳಿ, ತುಸು ಕಡಿಮೆ ಒತ್ತಡ. ಮೂರೂ ಒಟ್ಟಾಗಿ, ಸಿಲಿಂಡರ್ ಇಲ್ಲದವನ ಮೇಲೆ.

ಸಿಲಿಂಡರ್ ಇಲ್ಲದಿದ್ದರೆ ನಡಿಗೆ ನಿಧಾನವಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೆರಳು ತಣ್ಣಗಾಗುತ್ತದೆ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಆಮ್ಲಜನಕ ಕಡಿಮೆಯಾದ ದೇಹ ಕಡಿಮೆ ಶಾಖ ಹುಟ್ಟಿಸುತ್ತದೆ. ಇರುವ ಶಾಖವನ್ನು ಹೃದಯ ಮತ್ತು ಮೆದುಳಿಗಾಗಿ ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಅದರ ಜೊತೆಗೆ ಆ ಒಣಗಾಳಿಯಲ್ಲಿ ಏದುಸಿರು ಬಿಡುತ್ತ ದೇಹ ನೀರನ್ನೂ ಕಳೆದುಕೊಳ್ಳುತ್ತದೆ, ರಕ್ತ ಗಟ್ಟಿಯಾಗುತ್ತದೆ. ಅಂಥ ಕೈಯಿಂದ ಗವಸು ಹೋದರೆ ಬೆರಳು ಸೆಟೆದುಕೊಳ್ಳಲು ಹೆಚ್ಚು ಹೊತ್ತು ಬೇಡ. ಸೆಟೆದ ಬೆರಳಿನಿಂದ ಬಂಡೆ ಇಳಿಯಲಾಗುವುದಿಲ್ಲ. ಪ್ರೊದಾನೊವ್ ಅವರ ವಿಷಯದಲ್ಲಿ ಕೈಗವಸು ಕಳೆದುಹೋದದ್ದನ್ನು ಆಕಸ್ಮಿಕ ಎಂದು ಬರೆಯುವವರಿದ್ದಾರೆ. ಇರಬಹುದು. ಆದರೆ ದಣಿದ ಮೆದುಳು, ಕತ್ತಲು, ಬೆರಳಿನಿಂದ ಮಾಡಲೇಬೇಕಾದ ಕೆಲಸ, ಇವು ಮೂರು ಸೇರಿದಲ್ಲಿ ಗವಸು ಕಳೆಯುವುದು ಅಪರೂಪವೇನಲ್ಲ.

ಇದೇ ವರ್ಷ, ಇದೇ ಬೆಟ್ಟ, ಇನ್ನೊಬ್ಬ ಸಿಲಿಂಡರ್ ಬಳಸದವರ ಕಥೆಯನ್ನು ಪಕ್ಕದಲ್ಲಿಡುತ್ತೇನೆ. 1984ರ ಮೇ 23ರಂದು ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆಯಾದ ಬಚೇಂದ್ರಿ ಪಾಲ್ ಅವರ ಜೊತೆಯಲ್ಲಿ ಹತ್ತಿದವರು ಆಂಗ್ ದೋರ್ಜಿ. ಅವರು ಸಿಲಿಂಡರ್ ಬಳಸುತ್ತಿರಲಿಲ್ಲ. ಹಾಗಾಗಿ ತಮ್ಮ ಕಾಲುಗಳು ತಣ್ಣಗಾಗುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಮೇಲೆ ಇನ್ನೊಂದು ಕ್ಯಾಂಪು ಹಾಕಿ ರಾತ್ರಿ ಕಳೆಯುವುದು ಬೇಡ, ಒಂದೇ ದಿನದಲ್ಲಿ ಸೌತ್ ಕೋಲ್‌ನಿಂದ ಹೋಗಿ ಬರಬೇಕು, ಆಗದಿದ್ದರೆ ಬಿಟ್ಟುಬಿಡಬೇಕು ಎಂಬುದು ಅವರ ಲೆಕ್ಕ. ಬೆಳಿಗ್ಗೆ 6 ಗಂಟೆ 20 ನಿಮಿಷಕ್ಕೆ ಹೊರಟರು, ಮಧ್ಯಾಹ್ನ 1 ಗಂಟೆ 7 ನಿಮಿಷಕ್ಕೆ ತುದಿಯಲ್ಲಿದ್ದರು, 1 ಗಂಟೆ 55 ನಿಮಿಷಕ್ಕೆ ಇಳಿಯಲು ಆರಂಭಿಸಿದರು. ಸೌತ್ ಕೋಲ್‌ನಿಂದ ತುದಿಗೆ ಸುಮಾರು 950 ಮೀಟರ್. ಐದನೆಯ ಕ್ಯಾಂಪಿನಿಂದ ಪ್ರೊದಾನೊವ್ ಏರಬೇಕಾಗಿದ್ದದ್ದು 730 ಮೀಟರಿಗಿಂತ ಕಡಿಮೆ. ಆದರೂ ಅವರಿಗೆ ಸಂಜೆಯಾಯಿತು. ಎರಡು ದಾರಿಗಳ ವ್ಯತ್ಯಾಸ ತಿಳಿಯಲು ಇದಕ್ಕಿಂತ ಬೇರೆ ವಿವರಣೆ ಬೇಡ.

ತರಬೇತಿ ಶಿಬಿರಗಳಲ್ಲಿ ನಾವು ಹುಡುಗರಿಗೆ ಮೊದಲು ಹೇಳಿಕೊಡುವುದು ಹಿಂದಿರುಗುವ ಗಂಟೆಯನ್ನು. ತುದಿ ಎಷ್ಟೇ ಹತ್ತಿರವಿರಲಿ, ಗಂಟೆ ಇಷ್ಟಾದರೆ ಬೆನ್ನು ತಿರುಗಿಸಬೇಕು. ಈ ಗಂಟೆಯನ್ನು ಕೆಳಗೆ, ತಲೆ ಸರಿಯಾಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಮೇಲೆ ಹೋದ ಮೇಲೆ ನಿರ್ಧರಿಸುತ್ತೇನೆ ಎಂದರೆ ಆಗುವುದಿಲ್ಲ, ಏಕೆಂದರೆ ಆ ಎತ್ತರದಲ್ಲಿ ನಿರ್ಧಾರ ಮಾಡಬೇಕಾದ ಅಂಗವೇ ಮೊದಲು ಸೊರಗುತ್ತದೆ. ಪಶ್ಚಿಮ ರಿಡ್ಜಿನಲ್ಲಿ ಇನ್ನೂ ಒಂದು ತೊಡಕಿದೆ. ಕಷ್ಟದ ಬಂಡೆಮೆಟ್ಟಿಲುಗಳನ್ನು ಹತ್ತಿ ದಾಟಿದ ಮೇಲೆ ಹಿಂದಿರುಗುವುದೆಂದರೆ ಅವನ್ನೇ ಇಳಿಯುವುದು. ತುದಿಯ ಕಡೆಗಿನ ನೆಲವೇ ಹಿಂದಿನದಕ್ಕಿಂತ ಸುಲಭ ಎಂದು ತೋರುವ ಹಂತವೊಂದು ಬರುತ್ತದೆ. ಅಂಥ ಕಡೆ ಮುಂದೆ ಹೋಗುವುದು ದುರಾಸೆ ಎಂದು ಕೂತಲ್ಲಿಂದ ಹೇಳುವುದು ಸುಲಭ.

ಹಾಗಾದರೆ ಮುಂದೆ ಹೋಗಿ ಆ ಕಡೆಗೆ, ಸೌತ್ ಕೋಲ್ ಕಡೆಗೆ ಇಳಿಯಬಹುದಿತ್ತಲ್ಲ? ನನ್ನ ಮಟ್ಟಿಗೆ ಇಡೀ ಘಟನೆಯ ತಿರುಳು ಇಲ್ಲಿದೆ. ಆ ವಸಂತದಲ್ಲಿ ಬೆಟ್ಟದ ದಕ್ಷಿಣ ಮಗ್ಗುಲಿನಲ್ಲಿದ್ದದ್ದು ನಮ್ಮದೇ ತಂಡ, ಕರ್ನಲ್ ಡಿ. ಕೆ. ಖುಲ್ಲರ್ ನಾಯಕತ್ವದ ಭಾರತೀಯ ಎವರೆಸ್ಟ್ ತಂಡ. ಆಂಗ್ ದೋರ್ಜಿ, ಲೋಪ್ಸಾಂಗ್ ಮತ್ತು ಗಗನ್ ಬಿಸ್ಸಾ ಸೌತ್ ಕೋಲ್ ತಲುಪಿ 7,900 ಮೀಟರಿನಲ್ಲಿ ನಾಲ್ಕನೆಯ ಕ್ಯಾಂಪು ಹಾಕಿದ್ದು ಏಪ್ರಿಲ್ 29ರಂದು. ಪ್ರೊದಾನೊವ್ ತುದಿ ಮುಟ್ಟಿದ್ದು ಅದಕ್ಕೆ ಒಂಬತ್ತು ದಿನ ಮುಂಚೆ. ಅಂದರೆ ಏಪ್ರಿಲ್ 20ರ ಸಂಜೆ ಅವರು ಆ ಕಡೆ ಇಳಿದಿದ್ದರೆ, ಲೋತ್ಸೆಯ ದಿನಗಳಿಂದ ಆ ಮಗ್ಗುಲಿನ ಕೆಳಭಾಗ ಪರಿಚಿತವೇ ಆಗಿದ್ದರೂ, ಸೌತ್ ಕೋಲ್‌ನಲ್ಲಿ ಒಂದು ಡೇರೆಯೂ, ಒಂದು ಲೋಟ ಬಿಸಿನೀರು ಕೊಡುವವರೂ ಇರುತ್ತಿರಲಿಲ್ಲ. ಅವರಿಗೆ ಇದ್ದ ಒಂದೇ ಆಸರೆ ಐದನೆಯ ಕ್ಯಾಂಪು, ಅದು ಇದ್ದದ್ದು ಬಂದ ದಾರಿಯಲ್ಲಿ. ಹಾಗಾಗಿ ಬಂದ ದಾರಿಯಲ್ಲೇ ಇಳಿದದ್ದನ್ನು ನಾನು ತಪ್ಪು ಆಯ್ಕೆ ಎನ್ನಲಾರೆ.

ಅವರ ಸಂಗಾತಿಗಳಿಗೆ ಏನಾಯಿತು ನೋಡಿ. ಸಾವಿನ ನಂತರವೂ ತಂಡ ಬೆಟ್ಟ ಬಿಡಲಿಲ್ಲ. ಮೇ 8ರಂದು ಇವಾನ್ ವಲ್ಚೆವ್ ಮತ್ತು ಮೆತೊದಿ ಸಾವೊವ್ ಅದೇ ಪಶ್ಚಿಮ ರಿಡ್ಜಿನಿಂದ ತುದಿ ಮುಟ್ಟಿದರು. ಮರುದಿನ, ಮೇ 9ರಂದು, ಕಿರಿಲ್ ದೋಸ್ಕೊವ್ ಮತ್ತು ನಿಕೊಲಾಯ್ ಪೆತ್ಕೊವ್. ನಾಲ್ವರೂ ಇಳಿದದ್ದು ಆಗ್ನೇಯ ರಿಡ್ಜಿನಿಂದ, ಸೌತ್ ಕೋಲ್ ಕಡೆಗೆ. ವಲ್ಚೆವ್ ಮತ್ತು ಸಾವೊವ್‌ಗೂ ತಡವಾಗಿತ್ತು. ಅವರೂ ಒಂದು ರಾತ್ರಿಯನ್ನು ತುದಿಯ ಕೆಳಗೆ ಬಯಲಿನಲ್ಲೇ ಕಳೆಯಬೇಕಾಯಿತು. ಬದುಕಿ ಬಂದರು. ಮೇ 9ರಂದೇ ದಕ್ಷಿಣದಿಂದ ಭಾರತೀಯ ತಂಡದ ಫು ದೋರ್ಜಿ ಒಬ್ಬರೇ ತುದಿ ತಲುಪಿದ್ದರು. ಆ ಮಗ್ಗುಲಿನಲ್ಲಿ ಆಗ ಹಗ್ಗಗಳಿದ್ದವು, ಕ್ಯಾಂಪುಗಳಿದ್ದವು, ಮನುಷ್ಯರಿದ್ದರು. ಪಶ್ಚಿಮದಿಂದ ಹತ್ತಿ ದಕ್ಷಿಣಕ್ಕೆ ದಾಟಿ ಇಳಿಯುವುದನ್ನು ಹಾರ್ನ್‌ಬೈನ್ ಮತ್ತು ಅನ್‌ಸೋಲ್ಡ್ 1963ರಲ್ಲಿ ಮಾಡಿದ್ದರು, ಅವರೂ ಒಂದು ರಾತ್ರಿ ಬಯಲಿನಲ್ಲಿದ್ದರು. ಅವರಿಗೂ ದಕ್ಷಿಣದಲ್ಲಿ ತಮ್ಮ ತಂಡದವರೇ ಇದ್ದರು. ಎವರೆಸ್ಟನ್ನು ದಾಟಿ ಇಳಿಯುವ ಸಾಹಸದ ಹಿಂದೆ ಯಾವಾಗಲೂ ಇನ್ನೊಂದು ಮಗ್ಗುಲಿನಲ್ಲಿ ಹೊತ್ತಿಸಿಟ್ಟ ಯಾರದ್ದೋ ಸ್ಟೌ ಇರುತ್ತದೆ.

ಈಗ ಹುಚ್ಚು ಸಾಹಸ ಎನ್ನುವ ಮಾತಿಗೆ ಬರುತ್ತೇನೆ. 1953ರ ಜುಲೈ 3ರಂದು ಆಸ್ಟ್ರಿಯದ ಹರ್ಮನ್ ಬೂಲ್ ನಂಗಾ ಪರ್ಬತ್ ಶಿಖರವನ್ನು ಮೊದಲ ಬಾರಿಗೆ ಏರಿದರು. ಒಬ್ಬರೇ. ಸಿಲಿಂಡರ್ ಇಲ್ಲದೆ. ತುದಿ ತಲುಪಿದಾಗ ಸಂಜೆ ಏಳು. ಇಳಿಯುವಾಗ ಕತ್ತಲಾಗಿ, ಕೂರಲೂ ಜಾಗವಿಲ್ಲದ ಬಂಡೆಯ ಅಂಚಿನಲ್ಲಿ ಇಡೀ ರಾತ್ರಿ ನಿಂತೇ ಕಳೆದರು. ಕಾಲ್ಬೆರಳು ಕಳೆದುಕೊಂಡರು, ಬದುಕಿದರು. ಪರ್ವತಾರೋಹಣದ ಚರಿತ್ರೆಯಲ್ಲಿ ಆ ಆರೋಹಣವನ್ನು ಯಾರೂ ಹುಚ್ಚು ಎನ್ನುವುದಿಲ್ಲ, ತಲೆಬಾಗುತ್ತಾರೆ. ಬೂಲ್ ಮಾಡಿದ್ದಕ್ಕೂ ಪ್ರೊದಾನೊವ್ ಮಾಡಿದ್ದಕ್ಕೂ ನಿರ್ಧಾರದಲ್ಲಿ ಏನು ವ್ಯತ್ಯಾಸ? ನನಗೆ ಹೆಚ್ಚೇನೂ ಕಾಣುವುದಿಲ್ಲ. ವ್ಯತ್ಯಾಸ ಇದ್ದದ್ದು ಬೆಟ್ಟದಲ್ಲಿ. ನಂಗಾ ಪರ್ಬತ್ 8,126 ಮೀಟರ್, ಎವರೆಸ್ಟಿಗಿಂತ ಏಳುನೂರು ಮೀಟರ್ ತಗ್ಗು. ಜುಲೈ, ಏಪ್ರಿಲ್ ಅಲ್ಲ. ಆ ರಾತ್ರಿ ಗಾಳಿ ಬೀಸಲಿಲ್ಲ. ಬದುಕಿದವನ ನಿರ್ಧಾರವನ್ನು ಧೈರ್ಯ ಎಂದೂ ಸತ್ತವನ ಅದೇ ನಿರ್ಧಾರವನ್ನು ಮೂರ್ಖತನ ಎಂದೂ ಕರೆಯುವುದು ನಮ್ಮೆಲ್ಲರ ದೌರ್ಬಲ್ಯ. ಹಾಗೆಂದು ನಾನು ಸಂಜೆ ಆರೂಕಾಲನ್ನು ಸಮರ್ಥಿಸುತ್ತಿಲ್ಲ. ನನ್ನ ಕೈಕೆಳಗಿನ ಹುಡುಗನೊಬ್ಬ ಮಧ್ಯಾಹ್ನ ಎರಡಾದ ಮೇಲೂ ಮೇಲಕ್ಕೆ ಹೋಗುತ್ತಿದ್ದರೆ ವೈರ್‌ಲೆಸ್‌ನಲ್ಲಿ ಗದರಿಸಿ ಹಿಂದಕ್ಕೆ ಕರೆಸುತ್ತೇನೆ. ಅಂದಿನ ನಿರ್ಧಾರ ತಪ್ಪು ಎಂದೇ ನನ್ನ ಅಭಿಪ್ರಾಯ. ಬೂಲ್ ಅವರದ್ದೂ ತಪ್ಪೇ. ಒಬ್ಬರಿಗೆ ಬೆಟ್ಟ ಮನ್ನಿಸಿತು.

ಯಶಸ್ಸು ಎನ್ನಬಹುದೇ? ಪರ್ವತಾರೋಹಿಗಳು ಬಳಸುವ ಲೆಕ್ಕದಲ್ಲಿ ಇದಕ್ಕೆ ಎರಡು ಖಾನೆಗಳಿವೆ. ತುದಿ ಮುಟ್ಟಿದರು ಎಂಬುದು ಒಂದು, ಇಳಿಯುವಾಗ ಸತ್ತರು ಎಂಬುದು ಇನ್ನೊಂದು. ಎರಡನ್ನೂ ಬರೆಯುತ್ತಾರೆ, ಒಂದರಿಂದ ಇನ್ನೊಂದನ್ನು ಕಳೆಯುವುದಿಲ್ಲ. ಮೊದಲನೆಯ ಖಾನೆಯಲ್ಲಿ ಪ್ರೊದಾನೊವ್ ಅವರ ಸ್ಥಾನ ಗಟ್ಟಿಯಾಗಿದೆ: ಎವರೆಸ್ಟ್ ಏರಿದ ಮೊದಲ ಬಲ್ಗೇರಿಯನ್, ಪಶ್ಚಿಮ ರಿಡ್ಜಿನಿಂದ ಸಿಲಿಂಡರ್ ಆಮ್ಲಜನಕವಿಲ್ಲದೆ ತುದಿ ತಲುಪಿದ ಮೊದಲಿಗ. ಎರಡನೆಯದರಲ್ಲಿ ಅವರು ಒಬ್ಬರೇ ಅಲ್ಲ. 1979ರ ಅಕ್ಟೋಬರಿನಲ್ಲಿ ಜರ್ಮನಿಯ ಹನ್ನೆಲೋರ್ ಶ್ಮಾಟ್ಸ್ ಮತ್ತು ಅಮೆರಿಕದ ರೇ ಜೆನೆ ಇಬ್ಬರೂ ರೂಢಿಯ ದಾರಿಯಲ್ಲೇ ತುದಿ ಮುಟ್ಟಿ, ಇಳಿಯುವಾಗ ಬಯಲಿನಲ್ಲಿ ರಾತ್ರಿ ಕಳೆದು ಪ್ರಾಣ ಬಿಟ್ಟಿದ್ದರು. ಸುಲಭ ದಾರಿಯಲ್ಲಿಯೂ ಆ ಎತ್ತರದ ರಾತ್ರಿ ಸುಲಭವಲ್ಲ.

ಬಲ್ಗೇರಿಯಾ ಆಮೇಲೆ ಎವರೆಸ್ಟಿಗೆ ಬೆನ್ನು ಹಾಕಲಿಲ್ಲ. 2004ರ ಮೇ ತಿಂಗಳಿನಲ್ಲಿ ಉತ್ತರದ ಕಡೆಯಿಂದ ಹೋದ ಬಲ್ಗೇರಿಯನ್ನರಲ್ಲಿ ಪ್ರೊದಾನೊವ್ ಅವರ ಒಡಹುಟ್ಟಿದವರ ಮಗಳು ಮರಿಯಾನಾ ಮಸ್ಲಾರೊವಾ ಕೂಡ ಇದ್ದರು. ಅವರೂ ಆ ಬೆಟ್ಟದಲ್ಲೇ ತೀರಿಕೊಂಡರು. ಸಿಲಿಂಡರ್ ಇಲ್ಲದೆ ಹತ್ತುವ ಹಠವೂ ಆ ದೇಶದಲ್ಲಿ ಉಳಿದುಕೊಂಡಿತು. ಸೋಫಿಯಾದ ನಿಸರ್ಗ ಚರಿತ್ರೆ ವಸ್ತುಸಂಗ್ರಹಾಲಯದ ಪ್ರಾಣಿಶಾಸ್ತ್ರಜ್ಞ ಬೊಯಾನ್ ಪೆತ್ರೊವ್ ಮಧುಮೇಹಿ. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಎಂಟು ಸಾವಿರ ಮೀಟರಿನ ಹದಿನಾಲ್ಕು ಶಿಖರಗಳಲ್ಲಿ ಹತ್ತನ್ನು ಸಿಲಿಂಡರ್ ಇಲ್ಲದೆ ಏರಿದರು. 2014ರ ಒಂದೇ ವರ್ಷದಲ್ಲಿ ಕಾಂಚನಜುಂಗಾ, ಬ್ರಾಡ್ ಪೀಕ್, ಕೆ2. 2018ರ ಮೇ ತಿಂಗಳಿನಲ್ಲಿ ಟಿಬೆಟಿನ ಶಿಶಾಪಾಂಗ್ಮಾದಲ್ಲಿ ಕಾಣೆಯಾದರು, ಅವರೂ ಒಬ್ಬರೇ ಹೋಗುತ್ತಿದ್ದರು. ಅವರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕು. ಇನ್ಸುಲಿನ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಆ ಎತ್ತರದಲ್ಲಿ ಒಂದು ದೊಡ್ಡ ಕೆಲಸ.

ಕೊನೆಗೆ ನಿಮ್ಮ ಆಧಾರದ ಪ್ರಶ್ನೆ. ಒಬ್ಬರೇ ಹೋದವರ ಹೇಳಿಕೆಯನ್ನು ಅನುಮಾನದಿಂದ ನೋಡುವುದು ತಪ್ಪಲ್ಲ, ಪರ್ವತಾರೋಹಣದಲ್ಲಿ ಸುಳ್ಳು ಹೇಳಿದವರಿದ್ದಾರೆ. ಪ್ರೊದಾನೊವ್ ಅವರಿಗೆ ಹಿಂದಿರುಗಿ ಬಂದು ಹೇಳಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಅವರು ತುದಿಯಿಂದಲೇ ವೈರ್‌ಲೆಸ್‌ನಲ್ಲಿ ಮಾತನಾಡಿದ್ದನ್ನು ಕೆಳಗಿನವರು ಕೇಳಿದ್ದಾರೆ, ವೇಳೆ ದಾಖಲಾಗಿದೆ. ಕಾಠ್ಮಂಡುವಿನಲ್ಲಿ ದಶಕಗಳ ಕಾಲ ಪ್ರತಿ ತಂಡವನ್ನೂ ಹೋಟೆಲಿಗೇ ಹೋಗಿ ಪ್ರಶ್ನಿಸುತ್ತಿದ್ದ ಪತ್ರಕರ್ತೆ ಎಲಿಜಬೆತ್ ಹಾಲೆ ಅವರ ಟಿಪ್ಪಣಿಗಳಿಂದ ಬೆಳೆದ ಹಿಮಾಲಯದ ದಾಖಲೆಗಳಲ್ಲಿ ಈ ಆರೋಹಣ ಅಂಗೀಕೃತವಾಗಿದೆ. ಹಾಲೆ ಸುಲಭವಾಗಿ ನಂಬುವವರಲ್ಲ ಎಂಬುದು ಪರ್ವತಾರೋಹಿಗಳೆಲ್ಲರಿಗೂ ಗೊತ್ತಿತ್ತು. ಏಪ್ರಿಲ್ 20ರ ಆರೂಕಾಲರ ಬಗ್ಗೆ ಗಂಭೀರವಾದ ತಕರಾರನ್ನು ನಾನು ಎಲ್ಲಿಯೂ ಕಂಡಿಲ್ಲ.